ಕಲೆಗೊಂದು ಕಾರಣ

ನಾನು ಹಲ್ಲಿಗೆ ಬಣ್ಣ ಹಾಕುವವಳು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ಒಂದು ದಂತ ಪ್ರಯೋಗಾಲಯದಲ್ಲಿ 19 ವರ್ಷದಿಂದ ಇದೇ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು, ಫೋಟೊ, ಜೊತೆಗೊಂದು ಛಾಯೆಯ ಸಂಖ್ಯೆ ಕಳಿಸುತ್ತಾರೆ: ಎ2, ಎ3, ಬಿ1. ಅದೇ ಛಾಯೆಯ ಪಿಂಗಾಣಿ ಪುಡಿ ಕಲಸಿ, ಪದರ ಪದರವಾಗಿ ಕಟ್ಟಿ, ಕುಲುಮೆಯಲ್ಲಿ ಸುಡುತ್ತೇವೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಅರವತ್ತು ದಾಟಿದವರ ಬಾಯಲ್ಲಿ ಹೊಚ್ಚಹೊಸ ಬಿಳಿ ಹಲ್ಲೊಂದು ಕೂತರೆ ನಕ್ಕಾಗೆಲ್ಲ ಅದೊಂದೇ ಎದ್ದು ಕಾಣುತ್ತದೆ. ಅದಕ್ಕೇ ಬುಡದಲ್ಲಿ ತುಸು ಹಳದಿ, ಸಂದಿಯಲ್ಲಿ ಚಹಾದ ಕಂದು, ನಡುವೆ ಕೂದಲೆಳೆಯಂಥ ಒಂದು ಬಿರುಕು ಬರೆದು ಮತ್ತೆ ಸುಡಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಬ್ರಷ್ ಕೈಗೆ ಕೊಡುವ ಮುನ್ನ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಕಲೆ ಯಾತರದ್ದು?" ಚಹಾದ್ದೋ, ಸಿಗರೇಟಿನದೋ, ವಯಸ್ಸಿನದೋ ಹೇಳಬೇಕು. ಹೇಳಲು ಬಾರದಿದ್ದರೆ ಹಾಕುವಂತಿಲ್ಲ. ಆಗೆಲ್ಲ ನನಗೆ ಮಂಗಳೂರಿನ ನಮ್ಮ ಅಜ್ಜಿಯ ಹಲ್ಲು ನೆನಪಾಗುತ್ತಿತ್ತು. ಅವರು ಎಲೆಯಡಿಕೆಯನ್ನು ಎಡದವಡೆಯಲ್ಲೇ ಅಗಿಯುತ್ತಿದ್ದರು. ಕೆಂಪು ಕಟ್ಟಿದ್ದು ಆ ಕಡೆಯ ಹಲ್ಲಿಗೆ ಮಾತ್ರ.

ಇದೇ ಪ್ರಶ್ನೆಯನ್ನು ನನಗೆ ಎರಡನೆಯ ಬಾರಿ ಕೇಳಿದವರು ಒಬ್ಬ ನಿವೃತ್ತ ಕಲ್ಲಿದ್ದಲು ಗಣಿ ಕಾರ್ಮಿಕರು. ಕೇಳಿದ್ದು ಹಲ್ಲಿನ ಬಗ್ಗೆ ಅಲ್ಲ, ಬೆರಳುದ್ದದ ಒಂದು ಟ್ಯಾಂಕಿನ ಬಗ್ಗೆ.

ನಾಟಿಂಗ್‌ಹ್ಯಾಮ್ ಎಂದರೆ ಊರಿನವರಿಗೆ ರಾಬಿನ್ ಹುಡ್ ನೆನಪಾಗುತ್ತಾನೆ. ಆದರೆ ಸಿಪಾಯಿ ಗೊಂಬೆಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಯುದ್ಧದ ಆಟ ಆಡುವವರಿಗೆ ಇದು ಕ್ಷೇತ್ರವಿದ್ದಂತೆ. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. ಅಲ್ಲಿ ಕೆಲಸ ಕಲಿತವರು ಹೊರಬಂದು ತಮ್ಮ ತಮ್ಮ ಕಂಪನಿ ಕಟ್ಟಿದರು. ಸುತ್ತಲೂ ಅಚ್ಚು ಕೊರೆಯುವವರು, ಲೋಹ ಎರಕ ಹೊಯ್ಯುವವರು ಬೆಳೆದರು. ಈ ಪ್ರದೇಶಕ್ಕೆ 'ಸೀಸದ ಪಟ್ಟಿ' ಎಂದೇ ಅಡ್ಡಹೆಸರು ಬಿತ್ತು. ನನ್ನ ಮಗನಿಗೆ ಹನ್ನೊಂದು ವರ್ಷವಿದ್ದಾಗ ಒಂದು ಪೆಟ್ಟಿಗೆ ತಂದು, "ಅಮ್ಮಾ, ನಿನ್ನ ಸಣ್ಣ ಬ್ರಷ್ ಕೊಡು" ಅಂದ. ಕೊಟ್ಟೆ. ಅವನು ಎರಡು ವರ್ಷದಲ್ಲಿ ಬಿಟ್ಟ, ನಾನು ಬಿಡಲಿಲ್ಲ. ಬುಧವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಸೇರುವ ಸಂಘಕ್ಕೆ ಹೋಗತೊಡಗಿದೆ. ಅಲ್ಲೇ ಆ ಗಣಿಯವರು ಸಿಕ್ಕಿದ್ದು. ಈ ಕಡೆಯ ಹಳೆಯ ಜನ ಎಲ್ಲರನ್ನೂ 'ಮೀ ಡಕ್' ಎಂದು ಅಕ್ಕರೆಯಿಂದ ಕರೆಯುತ್ತಾರೆ. ಅವರು ನನ್ನನ್ನೂ ಹಾಗೇ ಕರೆದು ಪಕ್ಕದ ಕುರ್ಚಿ ಎಳೆದುಕೊಟ್ಟರು. ಅಂದಿನಿಂದ ಈ ಕಸುಬಿನ ಹಿಂದಿನ ಕಥೆಯನ್ನು ಹುಡುಕುತ್ತ ಬಂದಿದ್ದೇನೆ.

ಮೂಲ ಹುಡುಕಿ ಹೊರಟರೆ ದಾರಿ ನಮ್ಮ ಕಡೆಗೇ ತಿರುಗುತ್ತದೆ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗದ ಚತುರಂಗ ಪರ್ಷಿಯಾ, ಅರಬ್ ನಾಡು ದಾಟಿ ಯೂರೋಪಿಗೆ ಹೋಗಿ ಚೆಸ್ ಆಯಿತು. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್‌ವಿಗ್ ಎಂಬ ಗಣಿತದ ಮೇಷ್ಟ್ರು 1780ರಲ್ಲಿ ಆ ಚೆಸ್ ಹಲಗೆಯನ್ನು 1,617 ಮನೆಗಳಿಗೆ ಹಿಗ್ಗಿಸಿ, ಬೆಟ್ಟಕ್ಕೊಂದು ಬಣ್ಣ, ನೀರಿಗೊಂದು ಬಣ್ಣ, ಜೌಗಿಗೊಂದು ಬಣ್ಣ ಹಚ್ಚಿದರು. ನೆಲಕ್ಕೆ ಬಣ್ಣ ಬಂದದ್ದು ಹಾಗೆ. 1812ರಲ್ಲಿ ರೈಸ್‌ವಿಟ್ಸ್ ಎಂಬ ಪ್ರಷ್ಯದ ಸರದಾರರು ತಮ್ಮ ರಾಜ ಮೂರನೇ ಫ್ರೆಡ್ರಿಕ್ ವಿಲ್‌ಹೆಲ್ಮ್‌ಗೆ ಇನ್ನೂ ದೊಡ್ಡದೊಂದನ್ನು ಒಪ್ಪಿಸಿದರು. ಅದು ಖಾನೆಗಳಿದ್ದ ಮೇಜು. ಬೇಕಾದಂತೆ ಜೋಡಿಸಿಕೊಳ್ಳಬಹುದಾದ ನೆಲದ ತುಂಡುಗಳು ಗಾರೆಯವು, ಅವುಗಳ ಮೇಲೆ ಹೊಳೆ, ದಾರಿ, ಹಳ್ಳಿ ಉಬ್ಬಾಗಿ ಬಣ್ಣದಲ್ಲಿ ಮೂಡಿದ್ದವು. ಸೈನ್ಯದ ಕಾಯಿಗಳನ್ನು ಮಾಡಿದ್ದು ಪಿಂಗಾಣಿಯಲ್ಲಿ. ಇದನ್ನು ಮೊದಲು ಓದಿದ ದಿನ ನಾನು ಕುಲುಮೆಯ ಮುಂದೆ ಕೂತಿದ್ದೆ. ಇನ್ನೂರು ವರ್ಷದ ಹಿಂದೆ ಯಾರೋ ಒಬ್ಬರು ನನ್ನ ಹಾಗೇ ಪಿಂಗಾಣಿಯ ಚೂರಿಗೆ ಬಣ್ಣ ಹಚ್ಚಿ, ಬೆಂಕಿಗಿಟ್ಟು, ಸರಿಯಾಗಿ ಬಂತೇ ಎಂದು ಕಾದಿದ್ದಾರೆ. ರೈಸ್‌ವಿಟ್ಸರ ಮಗ 1824ರಲ್ಲಿ ಆಟವನ್ನು ಸೇನೆಯ ನಕ್ಷೆಯ ಮೇಲೆ ತಂದು, ಕೆಂಪು ಮತ್ತು ನೀಲಿಯ ಪುಟ್ಟ ಬಿಲ್ಲೆಗಳನ್ನು ಇಟ್ಟ. ಪ್ರಷ್ಯದ ಅಧಿಕಾರಿಗಳು ಅದರ ಮೇಲೆ ಯುದ್ಧ ಕಲಿತರು. ಆ ಬಿಲ್ಲೆಗಳಿಗೆ ಮುಖವಿಲ್ಲ, ಕಾಲಿಲ್ಲ. ಅದು ಲೆಕ್ಕದ ಆಟ.

ಮುಖವಿದ್ದ ಸಿಪಾಯಿ ಬೇರೆ ಬೀದಿಯಿಂದ ಬಂದ. ನ್ಯೂರೆಂಬರ್ಗ್ ನಗರದ ತವರದ ಕೆಲಸಗಾರರು, ಅವರಲ್ಲಿ ಹಿಲ್‌ಪರ್ಟ್ ಎಂಬ ಮನೆತನ ಮೊದಲಿನದು, 18ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಲೇಟು ಕಲ್ಲಿನಲ್ಲಿ ಅಚ್ಚು ಕೊರೆದು ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ದರು. ಮಗ್ಗುಲಿನಿಂದ ನೋಡಿದರೆ ಪೂರ್ತಿ ಕುದುರೆ ಸವಾರ, ಎದುರಿನಿಂದ ನೋಡಿದರೆ ಚಾಕುವಿನ ಅಲುಗಿನಷ್ಟು. 1839ರಲ್ಲಿ ಶುರುವಾದ ಹೈನ್‌ರಿಕ್‌ಸೆನ್ ಕಾರ್ಖಾನೆಯ 30 ಮಿಲಿಮೀಟರ್ ಎತ್ತರವೇ ಕಡೆಗೆ ಈ ಗೊಂಬೆಗಳ ರೂಢಿಯ ಅಳತೆಯಾಯಿತು. ಎರಕ ಕಾರ್ಖಾನೆಯಲ್ಲಿ, ಬಣ್ಣ ಮನೆಗಳಲ್ಲಿ. ಹೆಂಗಸರು, ಮಕ್ಕಳು ಅಡುಗೆ ಮನೆಯ ಮೇಜಿನ ಸುತ್ತ ಕೂತು ಹಚ್ಚುತ್ತಿದ್ದರು. ನಮ್ಮೂರಿನಲ್ಲಿ ಮನೆಮನೆಯಲ್ಲಿ ಬೀಡಿ ಕಟ್ಟುವುದನ್ನು ಕಂಡವರಿಗೆ ಈ ಚಿತ್ರವನ್ನು ಹೊಸದಾಗಿ ಹೇಳಬೇಕಿಲ್ಲ: ಎಣಿಸಿ ತಂದದ್ದು, ಎಣಿಸಿ ಕೊಟ್ಟದ್ದು, ಎಣಿಕೆಗೆ ಇಷ್ಟು ಎಂದು ಕೂಲಿ. ಯಾವ ಗೊಂಬೆಯ ಬೆನ್ನಿನ ಮೇಲೂ ಅವರ ಹೆಸರಿಲ್ಲ.

ಅವರು ಹಚ್ಚಿದ್ದು ಕಡುಗೆಂಪು, ಕಡುನೀಲಿ, ಬಿಳಿ ಪಟ್ಟಿ, ಚಿನ್ನದ ಗುಂಡಿ. ಅದನ್ನು ಮಕ್ಕಳ ಮನಸ್ಸೊಲಿಸಲು ಹಚ್ಚಿದ ಬಣ್ಣ ಎಂದುಕೊಳ್ಳಬಾರದು. ನೆಪೋಲಿಯನ್ನನ ಕಾಲದ ಸೈನಿಕ ನಿಜವಾಗಿಯೂ ಹಾಗೇ ಉಡುತ್ತಿದ್ದ. ಕರಿಮದ್ದಿನ ಹೊಗೆ ಕವಿದ ಬಯಲಿನಲ್ಲಿ ನಮ್ಮವರು ಯಾರು, ಅವರು ಯಾರು ಎಂದು ಸೇನಾಪತಿಗೆ ದೂರದಿಂದ ಕಾಣಬೇಕಿತ್ತು. ಅಂದರೆ ಮೊದಲ ಗೊಂಬೆಗಳ ಥಳಕಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಾದದ್ದು ಆಮೇಲೆ, ನಿಜವಾದ ಸೈನಿಕ ಬಟ್ಟೆ ಬದಲಿಸಿದಾಗ. ಮತ್ತು ಆ ಬಟ್ಟೆ ಬದಲಾದದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ಉಪಖಂಡದಲ್ಲಿ.

1846ರಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಪೇಶಾವರದಲ್ಲಿ ಗೈಡ್ಸ್ ಎಂಬ ಪಡೆ ಕಟ್ಟಿದಾಗ ತನ್ನ ಜನರಿಗೆ ಅಲ್ಲಿನ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದ. 'ಖಾಕ್' ಎಂದರೆ ಧೂಳು. ಧೂಳಿನ ಬಣ್ಣದ್ದು ಖಾಕಿ. ಪೊಲೀಸರನ್ನು, ಬಸ್ ಕಂಡಕ್ಟರರನ್ನು ನೋಡುತ್ತ ಬೆಳೆದ ನಾವು ಆ ಪದದೊಳಗೆ ಧೂಳಿದೆ ಎಂಬುದನ್ನೇ ಮರೆತಿದ್ದೇವೆ. ನಮ್ಮ ಮನೆಯಲ್ಲಿ ಅದು ಮರೆಯುವ ಮಾತಲ್ಲ. ನನ್ನ ಮುತ್ತಜ್ಜ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಮಗ್ಗ ನಡೆಸಿದವರು. 1850ರ ಹೊತ್ತಿಗೆ ಯೂರೋಪಿನಿಂದ ಬಂದ ಹಾಲರ್ ಎಂಬ ನೇಯ್ಗೆಯವರು ಅಲ್ಲಿ ಖಾಕಿ ಬಣ್ಣ ಹದಗೊಳಿಸಿದರು. ಖಾಕಿ ಹುಟ್ಟಿದ್ದೇ ನಮ್ಮಲ್ಲಿ ಎಂದು ಮಂಗಳೂರಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಪೇಶಾವರದವರು ಒಪ್ಪಲಿಕ್ಕಿಲ್ಲ. ಒಂದೇ ಕಾಲದಲ್ಲಿ ಎರಡು ಊರಿನಲ್ಲಿ ಎರಡು ಕೈಗಳು ಧೂಳನ್ನು ಬಟ್ಟೆಗೆ ಇಳಿಸಲು ಹೆಣಗುತ್ತಿದ್ದವು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. 1899ರಲ್ಲಿ ಶುರುವಾದ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಬ್ರಿಟಿಷ್ ಸೇನೆ ಹೋದದ್ದು ಖಾಕಿಯಲ್ಲೇ.

ಹೆಚ್ಚಿನ ಗೊಂಬೆಗಳು ಮಾತ್ರ ಕೆಂಪಂಗಿ ಬಿಡಲಿಲ್ಲ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಟೊಳ್ಳು ಎರಕದ ಉಪಾಯ ಕಂಡುಕೊಂಡಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಗೋಡೆಗಂಟಿ ತೆಳುವಾಗಿ ಗಟ್ಟಿಯಾಗುತ್ತಲೇ ಅಚ್ಚನ್ನು ತಿರುಗಿಸಿ ಒಳಗಿನದನ್ನು ಹೊರಗೆ ಸುರಿಯುವುದು. ಕ್ಷಣ ತಡವಾದರೆ ಗೊಂಬೆ ಪೂರ್ತಿ ಘನ, ಕ್ಷಣ ಮುಂಚೆಯಾದರೆ ತೂತು. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆ ತಗ್ಗಿತು. ಜರ್ಮನಿಯ ಗೊಂಬೆಗೆ ಇಂಗ್ಲೆಂಡಿನ ಪೇಟೆಯಲ್ಲಿ ಪೈಪೋಟಿ ಹುಟ್ಟಿತು. 54 ಮಿಲಿಮೀಟರಿನ ಆ ಸಿಪಾಯಿಗಳಿಗೂ ಬಣ್ಣ ಹಚ್ಚಿದವರು ಹೆಚ್ಚಾಗಿ ಹೆಂಗಸರೇ. ಒಂದು ಹಳೆಯ ಬ್ರಿಟನ್ಸ್ ಗೊಂಬೆಯನ್ನು ಸಂಘದವರೊಬ್ಬರು ನನ್ನ ಅಂಗೈಯಲ್ಲಿ ಇಟ್ಟಿದ್ದರು. ಗುಲಾಬಿ ಮುಖ, ಕೆನ್ನೆಗೆ ಕೆಂಪು ಚುಕ್ಕೆ, ಎರಡು ಚುಕ್ಕೆ ಕಣ್ಣು, ಹೊಳೆಯುವ ಕರಿ ಬೂಟು. ಮೀಸೆಯ ಗೆರೆ ಒಂದೇ ಎಳೆತ. ಎಡದಿಂದ ಬಲಕ್ಕೆ ಸಣ್ಣದಾಗುತ್ತ ಹೋಗಿದೆ. ದಿನಕ್ಕೆ ನೂರಾರು ಮೀಸೆ ಎಳೆದ ಕೈಯ ಗುರುತು ಅದು. ಅಷ್ಟು ನಿರಾಯಾಸದ ಗೆರೆ ನನಗೆ ಇನ್ನೂ ಬಂದಿಲ್ಲ.

ಇಂಥ ಗೊಂಬೆಗಳನ್ನು ನೆಲದ ಮೇಲೆ ಹರಡಿಕೊಂಡು ಎಚ್.ಜಿ. ವೆಲ್ಸ್ ಆಡಿದರು. ಮರದ ಇಟ್ಟಿಗೆಯ ಮನೆಗಳು, ಕಡ್ಡಿ ಸಿಡಿಸುವ ಸ್ಪ್ರಿಂಗ್ ಫಿರಂಗಿ. 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಆ ಆಟದ ನಿಯಮಗಳನ್ನು ಅಚ್ಚು ಹಾಕಿಸಿದರು. ಆಡಿ ನೋಡಿದವರಿಗೆ ನಿಜವಾದ ಯುದ್ಧ ಎಂಥ ತಪ್ಪುಗಳ ಸರಮಾಲೆ ಎಂಬುದು ತಿಳಿಯುತ್ತದೆ ಎಂಬ ನಂಬಿಕೆ ಅವರಿಗಿತ್ತು. ಮರುವರ್ಷವೇ ಮಹಾಯುದ್ಧ. ಕೆಂಪಂಗಿಯ ಗೊಂಬೆಗಳನ್ನು ಆಡಿ ಬೆಳೆದ ಹುಡುಗರು ಖಾಕಿ ತೊಟ್ಟು ಫ್ರಾನ್ಸಿನ ಕೆಸರಿಗೆ ಇಳಿದರು.

ಆ ಕೆಸರು ಗೊಂಬೆಯ ಕಾಲಿಗೆ ಹತ್ತಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಹತ್ತಿದ ದಾರಿಯೂ ಯಾರೂ ಊಹಿಸದ್ದು: ರೈಲು. ಜಾನ್ ಅಹರ್ನ್ ಎಂಬ ಇಂಗ್ಲಿಷರು 1930ರ ದಶಕದ ಕೊನೆಯಿಂದ ಕಟ್ಟಿದ ಮ್ಯಾಡರ್ ವ್ಯಾಲಿ ಎಂಬ ಪುಟ್ಟ ರೈಲುಮಾರ್ಗ ಇವತ್ತಿಗೂ ಪೆಂಡನ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿನ ಮನೆಗಳು ಮಳೆ ಬಿಸಿಲು ಕಂಡಂತೆ ಮಾಸಿವೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜಾನ್ ಅಲೆನ್ 1940ರ ದಶಕದಿಂದ 1973ರಲ್ಲಿ ತೀರಿಹೋಗುವವರೆಗೂ ಒಂದೇ ರೈಲು ಜಗತ್ತನ್ನು ಕಟ್ಟುತ್ತ, ಎಂಜಿನ್ನಿಗೆ ಮಸಿ, ಗೂಡ್ಸ್ ಡಬ್ಬಿಗೆ ತುಕ್ಕು, ಹಲಗೆಗೆ ಬಿಸಿಲ ಬಿರುಕು ತಂದರು. ಹೊಸ ಸಾಮಾನನ್ನು ಬೇಕೆಂದೇ ಹಳತು ಮಾಡುವ ಈ ಕೆಲಸಕ್ಕೆ 'ವೆದರಿಂಗ್' ಎಂಬ ಹೆಸರು ನಿಂತಿತು. ಯುದ್ಧದಾಟದವರು ಇದನ್ನು ಕಲಿತದ್ದು ರೈಲಿನವರಿಂದ ಎಂದೇ ನನ್ನ ಅಭಿಪ್ರಾಯ. ರೈಲಿನ ಮಸಿ ಎಲ್ಲಿಂದ ಬರುತ್ತದೆ ಎಂಬುದನ್ನು ದಿನವೂ ಪ್ಲಾಟ್‌ಫಾರಂ ಮೇಲೆ ನಿಂತು ನೋಡಬಹುದಿತ್ತು. ಯುದ್ಧದ ಧೂಳನ್ನು ನೋಡಿದವರು ಹೋಗಿ ಬಂದವರು ಮಾತ್ರ. ಅವರಲ್ಲಿ ಹೆಚ್ಚಿನವರು ಅದರ ಮಾತು ಎತ್ತುತ್ತಿರಲಿಲ್ಲ.

ಹೋಗಿ ಬಂದವರಲ್ಲೊಬ್ಬರು ಡೊನಾಲ್ಡ್ ಫೆದರ್‌ಸ್ಟೋನ್. ಎರಡನೆಯ ಮಹಾಯುದ್ಧದಲ್ಲಿ ರಾಯಲ್ ಟ್ಯಾಂಕ್ ರೆಜಿಮೆಂಟಿನಲ್ಲಿದ್ದವರು, ಆಮೇಲೆ ಸೌತಾಂಪ್ಟನ್ನಿನಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿದ್ದರು. 1962ರಲ್ಲಿ ಅವರ 'ವಾರ್ ಗೇಮ್ಸ್' ಪುಸ್ತಕ ಬಂತು. ಶ್ರೀಮಂತರ ಬೈಠಕ್‌ಖಾನೆಯ ಹವ್ಯಾಸವನ್ನು ಸಂಬಳದವರ ಊಟದ ಮೇಜಿಗೆ ತಂದ ಪುಸ್ತಕ ಅದು. ಅದೇ ಹೊತ್ತಿಗೆ ಏರ್‌ಫಿಕ್ಸ್ ಕಂಪನಿಯ ಪುಟ್ಟ ಪ್ಲಾಸ್ಟಿಕ್ ಸಿಪಾಯಿಗಳು ಅಂಗಡಿಗೆ ಬಂದವು. ಪಾಕೆಟ್ ಮನಿಯಲ್ಲಿ ಒಂದು ಪೆಟ್ಟಿಗೆ ಸೈನ್ಯ. ನಮ್ಮ ಗಣಿಯವರ ಬಾಲ್ಯವೆಲ್ಲ ಅವೇ. "ಬಣ್ಣ ನಿಲ್ಲುತ್ತಿರಲಿಲ್ಲ," ಎಂದು ಅವರು ಹೇಳುವಾಗ ಆ ಹಳೆಯ ಸಂಕಟ ಇನ್ನೂ ಧ್ವನಿಯಲ್ಲಿದೆ. ಆ ಪ್ಲಾಸ್ಟಿಕ್ ಮೆತ್ತಗಿನ ಪಾಲಿಥೀನ್, ಮುಟ್ಟಿದರೆ ಎಣ್ಣೆಯ ಜಿಡ್ಡು. ಸೋಪಿನ ನೀರಲ್ಲಿ ತೊಳೆದು, ಹಂಬ್ರೋಲ್ ಡಬ್ಬಿಯ ಎನಾಮಲ್ ಹಚ್ಚಿ ಒಣಗಿಸಿದರೂ ಬಂದೂಕು ಒಮ್ಮೆ ಬಾಗಿದರೆ ಸಾಕು, ಸಿಪ್ಪೆಯಂತೆ ಕಿತ್ತು ಬರುತ್ತಿತ್ತು. ಬಿಳಿ ಅಂಟನ್ನು ಮೊದಲು ಸವರಿ ನೋಡಿದರು, ಮೇಲೆ ವಾರ್ನಿಷ್ ಹಾಕಿ ನೋಡಿದರು. ಅವರ ತಂದೆಯೂ ಗಣಿಯವರೇ. ಒಂದು ಸಂಜೆ ಪಾಳಿ ಮುಗಿಸಿ ಬಂದ ತಂದೆ ಊಟಕ್ಕೆ ಕೂತಾಗ, ಸ್ನಾನ ಮಾಡಿದ್ದರೂ ಕಣ್ಣಿನ ರೆಪ್ಪೆಯ ಅಂಚಿನಲ್ಲಿ, ಉಗುರಿನ ಸುತ್ತ ಕಲ್ಲಿದ್ದಲಿನ ಕಪ್ಪು ಉಳಿದಿದ್ದನ್ನು ಹುಡುಗ ನೋಡಿದ. ಉಬ್ಬಿದ ಕಡೆ ತೊಳೆದುಹೋಗುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಮರುದಿನ ಕಪ್ಪು ಬಣ್ಣವನ್ನು ಟರ್ಪಂಟೈನಿನಲ್ಲಿ ನೀರು ಮಾಡಿ ಗೊಂಬೆಯ ಮೇಲೆ ಹರಿಯಬಿಟ್ಟ. ಅದು ಬಟ್ಟೆಯ ಮಡಿಕೆಗೆ ಇಳಿಯಿತು. ಆ ತಂತ್ರಕ್ಕೆ 'ವಾಶ್' ಎಂಬ ಹೆಸರಿದೆ, ಪುಸ್ತಕಗಳಲ್ಲಿ ಬರೆದಿದ್ದಾರೆ ಎಂದು ತನಗೆ ತಿಳಿದದ್ದು ಹತ್ತು ವರ್ಷದ ಮೇಲೆ ಎಂದರು.

ಪುಸ್ತಕಗಳು ಬಂದದ್ದು ಎಪ್ಪತ್ತು–ಎಂಬತ್ತರ ದಶಕದಲ್ಲಿ. ಶಿಕಾಗೊದ ಶೆಪರ್ಡ್ ಪೇನ್ ಮೊನೊಗ್ರಾಂ ಕಂಪನಿಯ ಟ್ಯಾಂಕ್ ಪೆಟ್ಟಿಗೆಗಳ ಜೊತೆಗೆ ಬರುತ್ತಿದ್ದ ಹಾಳೆಗಳಲ್ಲಿ ಕೆಸರು, ತುಕ್ಕು, ಮುರಿದ ಗೋಡೆ ಮಾಡುವ ಬಗೆಯನ್ನು ಚಿತ್ರ ಸಹಿತ ತೋರಿಸಿದರು. ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡೆನ್ ಎಣ್ಣೆಬಣ್ಣದ ವಾಶ್, ಅದರ ಮೇಲೆ ಬಹುಪಾಲು ಒರೆಸಿ ತೆಗೆದ ಬ್ರಷ್ಷಿನಿಂದ ಅಂಚು ಸವರುವ ಡ್ರೈ ಬ್ರಶ್, ಕೊನೆಗೆ ಬಣ್ಣದ ಸೀಮೆಸುಣ್ಣದ ಪುಡಿ ಎಂಬ ಕ್ರಮವನ್ನು ದೇಶದೇಶಕ್ಕೆ ಹಬ್ಬಿಸಿದರು. ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಗೆ ಹುಟ್ಟಿದ ಕೌಶಲ ಇದು. ಮೇಜಿನ ಮೇಲೆ ಆಡುವ ಗೊಂಬೆಯ ಕಷ್ಟ ಬೇರೆ. ಅದನ್ನು ಸಂಜೆಗೆ ನಲವತ್ತು ಸಲ ಕೈಯಲ್ಲೆತ್ತುತ್ತಾರೆ. ನೋಡುವುದು ಮೂರಡಿ ದೂರದಿಂದ. ಒಂದಲ್ಲ, ಅರವತ್ತು ಬೇಕು. 28 ಮಿಲಿಮೀಟರಿನ ಮೈಗೆ ಬಿದ್ದ ಬೆಳಕು ನೆರಳನ್ನೇ ಮಾಡುವುದಿಲ್ಲ. ನೆರಳನ್ನೂ ನಾವೇ ಬರೆಯಬೇಕು. ನಾಟಿಂಗ್‌ಹ್ಯಾಮಿನವರು ಇದಕ್ಕೆ ತಕ್ಕ ಬಣ್ಣ, ತಕ್ಕ ವಾಶ್ ಬಾಟಲಿಗಳನ್ನು ಮಾಡಿ ಮಾರಿದರು. ಹೊಸ ಶತಮಾನದಲ್ಲಿ ಸ್ಪೇನಿನವರು ಮುಂದಾದರು. ಮಿಗೆಲ್ ಹಿಮೆನೆಸ್ ಎಂಬವರ ಸುತ್ತ ಬೆಳೆದ ಕಂಪನಿಗಳು ಕೆಸರು, ತುಕ್ಕು, ಮಳೆಯ ಗೆರೆ, ಎಣ್ಣೆಯ ಜಿಡ್ಡು ಎಲ್ಲವನ್ನೂ ಬೇರೆ ಬೇರೆ ಸೀಸೆಗೆ ತುಂಬಿದವು. ಉತ್ತರ ಆಫ್ರಿಕದ ಧೂಳು ಕೂಡ ಈಗ ಸೀಸೆಯಲ್ಲಿ ಸಿಗುತ್ತದೆ.

ನಾನು ಆ ಧೂಳನ್ನು ಕೊಂಡದ್ದು ನಿಬೇವಾದ ಸಲುವಾಗಿ. 1940ರ ಡಿಸೆಂಬರ್ 9ರ ಬೆಳಿಗ್ಗೆ ಈಜಿಪ್ಟಿನ ಮರಳುಗಾಡಿನಲ್ಲಿ ಇಟಲಿಯ ಸೇನೆ ಬೀಡುಬಿಟ್ಟಿದ್ದ ನಿಬೇವಾ ಶಿಬಿರದ ಮೇಲೆ ಹಿಂಬದಿಯಿಂದ, ಅಂದರೆ ವಾಯವ್ಯದ ಕಡೆಯಿಂದ ದಾಳಿಯಾಯಿತು. ಮುಂದೆ 7ನೆಯ ರಾಯಲ್ ಟ್ಯಾಂಕ್ ರೆಜಿಮೆಂಟಿನ ಮಟಿಲ್ಡಾ ಟ್ಯಾಂಕುಗಳು, ಜೊತೆಗೆ 4ನೆಯ ಭಾರತೀಯ ವಿಭಾಗದ 11ನೆಯ ಬ್ರಿಗೇಡ್. ಮಟಿಲ್ಡಾದ ಮುಂಭಾಗದ ಕವಚ 78 ಮಿಲಿಮೀಟರ್. ಇಟಲಿಯವರ ಫಿರಂಗಿ ಅದನ್ನು ಭೇದಿಸಲಿಲ್ಲ. ಶಿಬಿರ ಅದೇ ಬೆಳಿಗ್ಗೆ ಬಿತ್ತು, ಅವರ ಸೇನಾಪತಿ ಮಲೆಟ್ಟಿ ಸತ್ತರು. ಅಲ್ಲಿ ರಾಜಪುತಾನಾ ರೈಫಲ್ಸ್‌ನ ಜವಾನರಿದ್ದರು, ಸ್ಕಾಟ್ಲೆಂಡಿನ ಕ್ಯಾಮರಾನ್ ಹೈಲ್ಯಾಂಡರುಗಳಿದ್ದರು. ನಮ್ಮ ಸಂಘದಲ್ಲಿ ಈ ಯುದ್ಧವನ್ನು ಆಡುವುದೆಂದು ನಿಶ್ಚಯವಾದಾಗ ಭಾರತೀಯರನ್ನು ನಾನೇ ಮಾಡುತ್ತೇನೆ ಎಂದೆ. ಹಳದಿ ಮತ್ತು ನೀಲಿ ಎರಡು ಎಳೆ ನಾದಿದರೆ ಹಸಿರಾಗುವ ಎಪಾಕ್ಸಿ ಹಿಟ್ಟಿನಿಂದ ಪೇಟ ಸುತ್ತಿದೆ. ಅದನ್ನು ತಿದ್ದಲು ಬಳಸಿದ್ದು ಹಲ್ಲಿನ ಮೇಣ ಕೊರೆಯುವ ಉಪಕರಣ. ಇಲ್ಲಿನ ಶಿಲ್ಪಿಗಳೂ ಬಳಸುವುದು ಅದನ್ನೇ.

ಮುಖದ ಬಣ್ಣಕ್ಕೆ ವಾರಗಟ್ಟಲೆ ಹಿಡಿಯಿತು. ಅಂಗಡಿಯ ಕಂದು ಸೀಸೆಯನ್ನು ನೇರವಾಗಿ ಹಚ್ಚಿದರೆ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಾರೆ. ಒಬ್ಬನಿಗೆ ಅಣ್ಣನ ಮೈಬಣ್ಣ ಕೊಟ್ಟೆ, ಒಬ್ಬನಿಗೆ ದೊಡ್ಡಪ್ಪನದು. ಟ್ಯಾಂಕಿನದು ಬೇರೆಯೇ ಕಥೆ. ಆ ಕಾಲದ ಮರಳುಗಾಡಿನ ಬ್ರಿಟಿಷ್ ಟ್ಯಾಂಕುಗಳ ಮೇಲೆ ಬ್ರಿಗೇಡಿಯರ್ ಕಾಂಟರ್ ಹೆಸರಿನ ಓರೆ ಪಟ್ಟಿಗಳ ಮಾದರಿ ಇತ್ತು: ಮಾಸಲು ಕಲ್ಲಿನ ಬಣ್ಣ, ಬೂದು, ಕಡು ಸ್ಲೇಟು. ಎಷ್ಟೋ ವರ್ಷ ಮಾದರಿಗಾರರು ನಡುವಿನ ಬೂದನ್ನು ತಿಳಿನೀಲಿ ಎಂದುಕೊಂಡೇ ಹಚ್ಚಿದರು. ಹಳೆಯ ಬಣ್ಣದ ದಾಖಲೆಗಳನ್ನು ಹಿಡಿದು ಕೂತವರು ಅದು ಹಸಿರು ಬೆರೆತ ಬೂದು ಎಂದು ತೋರಿಸಿದ ಮೇಲೆ ಅನೇಕರು ತಮ್ಮ ಟ್ಯಾಂಕುಗಳನ್ನು ಕೆರೆದು ಮತ್ತೆ ಬಳಿದರು. ಛಾಯೆಯ ಸಂಖ್ಯೆ ತಪ್ಪಿದರೆ ಹಲ್ಲನ್ನು ಒಡೆದು ಮತ್ತೆ ಮಾಡುವ ನನಗೆ ಆ ಹಟ ಬಹಳ ಹಿಡಿಸಿತು.

ಬಣ್ಣ ಮುಗಿದು ಧೂಳಿನ ಸರದಿ ಬಂತು. ಮಂಗಳೂರಿಗೆ ಹೋದಾಗ ತಂದ ಒಂದು ಡಬ್ಬಿ ನನ್ನ ಬಳಿ ಇತ್ತು: ನಮ್ಮ ಹಿತ್ತಲಿನ ಮುರಕಲ್ಲನ್ನು ಕುಟ್ಟಿ, ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಜಾಲಿಸಿದ ಪುಡಿ. ಭಾರತದವರ ಯುದ್ಧ, ಭಾರತದ ಮಣ್ಣು ಎಂದು ಉತ್ಸಾಹದಿಂದ ಮಟಿಲ್ಡಾದ ಪಕ್ಕಕ್ಕೆ ಸವರಿದೆ. ಗಣಿಯವರು ಕನ್ನಡಕ ಏರಿಸಿ ನೋಡಿ ಕೇಳಿದರು, "ಚೆನ್ನಾಗಿದೆ, ಮೀ ಡಕ್. ಈ ಕಲೆ ಎಲ್ಲಿಂದ ಬಂತು?" ಹತ್ತೊಂಬತ್ತು ವರ್ಷದಿಂದ ಹಲ್ಲಿನ ಮುಂದೆ ಕೇಳಿಕೊಳ್ಳುವ ಪ್ರಶ್ನೆಯನ್ನು ಅವತ್ತು ನಾನು ಕೇಳಿಕೊಂಡಿರಲಿಲ್ಲ. ಆ ಜವಾನರು ನಿಂತಿದ್ದು ಕೆಂಪು ಮಣ್ಣಿನ ಮೇಲಲ್ಲ, ನಸು ಹಳದಿಯ ಮರಳುಗಾಡಿನ ಮೇಲೆ. ಅವರು ನಿಜವಾಗಿ ನಡೆದ ನೆಲವನ್ನು ಅವರ ಕಾಲಿನಿಂದ ಒರೆಸಿ, ನನ್ನ ಹಿತ್ತಲಿನದನ್ನು ಹಚ್ಚುವ ಹಕ್ಕು ನನಗಿಲ್ಲ. ತೊಳೆದು ಮತ್ತೆ ಶುರು ಮಾಡಿದೆ.

ಮಟಿಲ್ಡಾದ ಎರಡೂ ಮಗ್ಗುಲಲ್ಲಿ ಚೈನಿನ ಮೇಲಿನ ಕೆಸರು ಜಾರಿ ಹೋಗಲು ಇಳಿಜಾರು ಬಾಯಿಗಳಿವೆ. ಧೂಳು ಮೊದಲು ಕೂರುವುದು ಅಲ್ಲಿ. ಆಮೇಲೆ ಮುಂದಿನ ಮಡ್‌ಗಾರ್ಡಿನ ಮೇಲೆ, ಗೋಪುರದ ಬುಡದ ಸುತ್ತ. ಸೈನಿಕರು ಹತ್ತಿ ಇಳಿಯುವ ಜಾಗದಲ್ಲಿ ಬೂಟು ಉಜ್ಜಿ ಧೂಳಿರುವುದಿಲ್ಲ. ಬಣ್ಣವೇ ಸವೆದು ಲೋಹದ ಮಿಂಚು ಕಾಣುತ್ತದೆ. ಇಂಧನ ಸುರಿಯುವ ಮುಚ್ಚಳದ ಕೆಳಗೆ ಒದ್ದೆ ಕಲೆ, ಅದಕ್ಕಂಟಿದ ಧೂಳು ಕಡುವಾಗಿರುತ್ತದೆ. ತುಕ್ಕು? ಈ ರೆಜಿಮೆಂಟು ಈಜಿಪ್ಟಿಗೆ ಬಂದು ಇಳಿದದ್ದು ಆ ವರ್ಷದ ಶರತ್ಕಾಲದಲ್ಲಿ. ಟ್ಯಾಂಕಿನ ಮೇಲಿನ ಮರಳುಗಾಡಿನ ಬಣ್ಣಕ್ಕೆ ತುಂಬಿದ್ದರೆ ಎರಡು ಮೂರು ತಿಂಗಳು, ಅದೂ ಒಣ ಹವೆಯಲ್ಲಿ. ಮೈತುಂಬ ತುಕ್ಕು ಸುರಿಯುವ ಟ್ಯಾಂಕುಗಳನ್ನು ಪ್ರದರ್ಶನಗಳಲ್ಲಿ ಸಾಲುಸಾಲು ಕಾಣುತ್ತೇನೆ. ಕೈಚಳಕ ಅದ್ಭುತವಾಗಿರುತ್ತದೆ, ಆದರೆ ಅವು ಯಾವ ದಿನದ ಟ್ಯಾಂಕುಗಳೂ ಅಲ್ಲ. ನನ್ನ ಪ್ರಕಾರ ಅದು ಕೆಟ್ಟ ಕೆಲಸ. ನಿಜವಾಗಿ ತುಕ್ಕು ಹಿಡಿಯುವುದು ಒಂದೇ ಜಾಗ, ಹಿಂಬದಿಯ ಹೊಗೆಕೊಳವೆ. ಶಾಖಕ್ಕೆ ಬಣ್ಣ ಸುಟ್ಟುಹೋಗಿ ಬೆತ್ತಲೆ ಕಬ್ಬಿಣ ಗಾಳಿಗೆ ಸಿಗುತ್ತದೆ. ಮುರಕಲ್ಲಿನ ಕೆಂಪು ಎಂದರೆ ತುಕ್ಕು ಹಿಡಿದ ಕಬ್ಬಿಣವೇ. ನಮ್ಮ ಹಿತ್ತಲಿನ ಪುಡಿ ಕೊನೆಗೆ ಆ ಕೊಳವೆಯ ಮೇಲೆ ಕೂತಿತು, ಸರಿಯಾದ ಕಾರಣದೊಂದಿಗೆ. ನಮ್ಮ ಭಾಷೆಯಲ್ಲಿ ಮಾಸಿದ ಗುರುತಿಗೂ ಚಿತ್ರ ಬರೆಯುವ ವಿದ್ಯೆಗೂ ಒಂದೇ ಪದ ಎಂದು ಅವತ್ತು ಗಣಿಯವರಿಗೆ ಹೇಳಿದೆ. 'ಕಲೆ' ಎಂದು ತಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು.

ಆ ಸಂಘದಲ್ಲಿ ನಮ್ಮ ರಾಜಧಾನಿಯ ಹೆಸರು ಆಗಾಗ ಕಿವಿಗೆ ಬೀಳುತ್ತದೆ. ಮುಳ್ಳುತಂತಿಯ ಬೇಲಿ ಒಡೆಯಲು ಉದ್ದನೆಯ ಕೊಳವೆಯಲ್ಲಿ ಸ್ಫೋಟಕ ತುಂಬಿ ತಳ್ಳುವ 'ಬ್ಯಾಂಗಲೋರ್ ಟಾರ್ಪಿಡೊ' 1912ರಲ್ಲಿ ಬೆಂಗಳೂರಿನಲ್ಲೇ, ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ್ದು. ನಾರ್ಮಂಡಿಯ ಕಡಲತೀರದ ಆಟ ನಡೆಯುವ ದಿನ ಬೆಂಕಿಕಡ್ಡಿಯ ಅರ್ಧದಷ್ಟಿರುವ ಆ ಕೊಳವೆಯನ್ನು ಯಾರಾದರೂ ಎತ್ತಿ ಇಡುತ್ತಾರೆ. ಅದರ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಮೊದಲು ಹೊತ್ತು ನಡೆದ ನಮ್ಮ ಕಡೆಯ ಹುಡುಗರ ಬೂಟಿನ ಬಣ್ಣ, ಪಟ್ಟಿಯ ಬಣ್ಣ, ಅವರು ಪೇಟವನ್ನು ಹೇಗೆ ಸುತ್ತುತ್ತಿದ್ದರು ಎಂಬುದನ್ನು ತಿಳಿಯಲು ನಾನು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಬ್ರಿಟಿಷ್ ಸೈನಿಕನ ಗುಂಡಿಯ ಬಗ್ಗೆ ಪುಸ್ತಕಗಳ ಕಪಾಟೇ ಇದೆ.

ಆದ್ದರಿಂದ ಓದುವವರಲ್ಲಿ ಒಂದು ಕೋರಿಕೆ. ಕೊಡಗಿನಲ್ಲಿ, ಮೈಸೂರಿನಲ್ಲಿ, ಬೆಳಗಾವಿಯಲ್ಲಿ, ನಮ್ಮ ಕರಾವಳಿಯಲ್ಲಿ, ಆ ಯುದ್ಧಗಳಿಗೆ ಹೋಗಿಬಂದವರ ಮನೆಗಳು ಎಷ್ಟೋ ಇವೆ. ನಿಮ್ಮ ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಖಾಕಿ ಅಂಗಿ, ಬೆಲ್ಟು, ಬೂಟು, ಊಟದ ಡಬ್ಬಿ ಇದ್ದರೆ ಅದನ್ನು ಒಗೆಯಬೇಡಿ, ಬೆಳಗಬೇಡಿ, ಪಾಲಿಶ್ ಹಾಕಬೇಡಿ. ಹಾಗೆಯೇ ಬೆಳಕಿನಲ್ಲಿಟ್ಟು ಫೋಟೊ ತೆಗೆಯಿರಿ. ಅವರು ಯಾವ ಊರಿಗೆ, ಯಾವ ವರ್ಷ ಹೋಗಿದ್ದರು ಎಂದು ಗೊತ್ತಿರುವವರು ಮನೆಯಲ್ಲಿ ಇನ್ನೂ ಇದ್ದರೆ ಇವತ್ತೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.